ಸಾಹೇಬರ ಭಾಷಣ ಬರೆಯೋದು ಹ್ಯಾಂಗ? ತೆರೆಮರೆಯ ಬರಹಗಾರರಿಗೆ ಒಂದು ಕೈಪಿಡಿ

‘ನಮ್ಮ ಶಾಸಕರಿಗೆ ಭಾಷಣ ಬರೆದುಕೊಡಬೇಕಾಗಿದೆ, ಎಲ್ಲಿಂದ ಶುರು ಮಾಡಲಿ?’ ಈ ಪ್ರಶ್ನೆ ಚುನಾವಣೆ ಹತ್ತಿರ ಬಂದಾಗ ಬರುತ್ತದೆ, ಡಿಸೆಂಬರಿನ ಬೆಳಗಾವಿ ಅಧಿವೇಶನಕ್ಕೆ ಮುಂಚೆಯೂ ತಪ್ಪದೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಕನ್ನಡ ಎಂ.ಎ. ಮಾಡಿದವರು, ಪತ್ರಿಕೆಯಲ್ಲಿ ದುಡಿದವರು, ಇಲ್ಲವೇ ಪಕ್ಷದ ಕಚೇರಿಯಲ್ಲಿ ಜಾಲತಾಣ ನೋಡಿಕೊಳ್ಳುವ ಹುಡುಗರು. ಚೆಂದ ಬರೆಯಲು ಇವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಮೇಜಿನ ಮೇಲೆ ಚೆಂದ ಕಂಡ ಸಾಲು ಅಥಣಿಯ ಬಿಸಿಲಿನಲ್ಲಿ, ಕಿರಿಚುವ ಮೈಕಿನ ಮುಂದೆ, ಆ ನಾಯಕರ ಬಾಯಿಗೆ ಹೊರಳುವುದಿಲ್ಲ. ಅಥವಾ ಹೊರಳುತ್ತದೆ, ಆದರೆ ಅದರಲ್ಲಿನ ಅಂಕಿ ತಪ್ಪಾಗಿರುತ್ತದೆ. ಈ ಲೇಖನದ ಬಹುಪಾಲು ಇರುವುದು ಈ ಎರಡು ಅಪಾಯಗಳ ಬಗ್ಗೆಯೇ.

ಕೈ ಹಚ್ಚುವ ಮೊದಲು ಮೂರು ಮಾತು ಇತ್ಯರ್ಥ ಮಾಡಿಕೊಳ್ಳಿ.

ಅಂತಿಮ ಒಪ್ಪಿಗೆ ಯಾರದು? ನಾಯಕರು ಒಂದು ಹೇಳುತ್ತಾರೆ, ಪಿಎ ಇನ್ನೊಂದು, ನಾಯಕರ ತಮ್ಮನೋ ಮಗನೋ ಮತ್ತೊಂದು. ಮೂವರೂ ತಿದ್ದಿದ ಭಾಷಣ ಯಾರ ಬಾಯಿಗೂ ಒಗ್ಗುವುದಿಲ್ಲ. ಒಬ್ಬರ ಹೆಸರು ಹೇಳಿಸಿಕೊಳ್ಳಿ, ಉಳಿದವರ ತಿದ್ದುಪಡಿ ಅವರ ಮೂಲಕವೇ ಬರಲಿ.

ರೊಕ್ಕದ ಮಾತು. ತಿಂಗಳ ಸಂಬಳವೋ, ಭಾಷಣಕ್ಕಿಷ್ಟು ಎಂದೋ ಮೊದಲೇ ಆಡಿಬಿಡಿ. ಚುನಾವಣೆ ಮುಗಿದ ಮೇಲೆ ಬಾಕಿ ವಸೂಲಿ ಕಷ್ಟ, ಸೋತರಂತೂ ಕೇಳಲೇಬೇಡಿ. ಚುನಾವಣಾ ಪ್ರಚಾರದ ಕೆಲಸಕ್ಕೆ ಅಭ್ಯರ್ಥಿ ಕೊಡುವ ಹಣ ಅವರ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಿತಿ. ಆದ್ದರಿಂದ ರಸೀದಿ ಇರಲಿ.

ಮೂರನೆಯದು ಶಿಕ್ಷಕರಿಗೆ, ಉಪನ್ಯಾಸಕರಿಗೆ. ನಮ್ಮ ಭಾಗದಲ್ಲಿ ಈ ಕೆಲಸ ಗುಟ್ಟಾಗಿ ಮಾಡುವವರಲ್ಲಿ ಮಾಸ್ತರರೇ ಹೆಚ್ಚು. ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರರು ರಾಜಕೀಯ ಪಕ್ಷದ ಚಟುವಟಿಕೆಯಲ್ಲಿ ತೊಡಗುವಂತಿಲ್ಲ. ಗಣೇಶೋತ್ಸವಕ್ಕೆ ಬರೆದುಕೊಟ್ಟ ಶುಭಾಶಯದ ಮಾತು ಬೇರೆ, ಪ್ರಚಾರ ಭಾಷಣ ಬೇರೆ. ವಾಟ್ಸಾಪಿನಲ್ಲಿ ಕಳಿಸಿದ ಕರಡು ಎಂದಾದರೊಂದು ದಿನ ಸ್ಕ್ರೀನ್‌ಶಾಟ್ ಆಗಿ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಮೇಜಿಗೆ ಹೋಗಬಹುದು.

1. ನಾಯಕರ ಮಾತು ಕಿವಿಗೆ ಹಾಕಿಕೊಳ್ಳಿ

ಅವರ ಮೂರು ನಾಲ್ಕು ಹಳೆಯ ವಿಡಿಯೊ ಹುಡುಕಿ. ಒಂದನ್ನಾದರೂ 10 ನಿಮಿಷದಷ್ಟು ಅಕ್ಷರಕ್ಕಕ್ಷರ ಬರೆದಿಳಿಸಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರ ಭಾಷಣ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಅವರು ‘ಐತಿ’ ಎನ್ನುವವರೋ ‘ಅದ’ ಎನ್ನುವವರೋ? ‘ಮಂದಿ’ ಎನ್ನುತ್ತಾರೋ ‘ಜನ’ ಎನ್ನುತ್ತಾರೋ? ಒಂದೇ ಉಸಿರಿಗೆ ಎಷ್ಟು ಪದ? ಎಲ್ಲಿ ತಡವರಿಸುತ್ತಾರೆ? ‘ಸಾರ್ವಭೌಮತ್ವ’, ‘ಅನುಷ್ಠಾನಗೊಳಿಸುವ’, ‘ಪ್ರಾತಿನಿಧ್ಯ’ದಂಥ ಪದಗಳಲ್ಲಿ ನಾಲಿಗೆ ತೊಡರಿದ್ದರೆ ಅಂಥವುಗಳದೊಂದು ಪಟ್ಟಿ ಮಾಡಿ, ಮುಂದೆಂದೂ ಬರೆಯಬೇಡಿ. ‘ಅನುಷ್ಠಾನ’ದ ಬದಲು ‘ಜಾರಿ’, ‘ಪ್ರಾತಿನಿಧ್ಯ’ದ ಬದಲು ‘ನಮ್ಮವರಿಗೆ ಜಾಗ’ ಎಂದರಾಯಿತು.

ಇನ್ನೊಂದನ್ನು ನೋಡಿಕೊಳ್ಳಿ: ಅವರು ಓದುವವರೋ, ಟಿಪ್ಪಣಿ ನೋಡಿ ಮಾತಾಡುವವರೋ, ಕಾಗದವನ್ನೇ ಮುಟ್ಟದವರೋ? ಓದುವವರಿಗೆ ಪೂರ್ತಿ ಪಠ್ಯ ಬೇಕು. ಟಿಪ್ಪಣಿಯವರಿಗೆ ಐದಾರು ಅಂಶ, ಪ್ರತಿ ಅಂಶಕ್ಕೆ ಒಂದು ಅಂಕಿ, ಒಂದು ಊರ ಹೆಸರು ಸಾಕು. ಕಾಗದ ಮುಟ್ಟದವರಿಗೆ ಕಾರಿನಲ್ಲಿ 15 ನಿಮಿಷ ಬಾಯಲ್ಲೇ ಹೇಳಬೇಕು. ಅವರಿಗೆ ಆರು ಪುಟ ಬರೆದು ಕೊಟ್ಟರೆ ಅದು ಡ್ಯಾಶ್‌ಬೋರ್ಡ್ ಮೇಲೇ ಉಳಿಯುತ್ತದೆ.

2. ಸಭೆಯ ಜಾತಕ ತಿಳಿಯಿರಿ

ಸಂಘಟಕರನ್ನು ಕೇಳಬೇಕಾದದ್ದು: ಆಮಂತ್ರಣ ಪತ್ರಿಕೆ, ಮಾತಾಡುವವರ ಕ್ರಮ, ನಿಮ್ಮ ನಾಯಕರಿಗೆ ಎಷ್ಟು ನಿಮಿಷ, ಮುಂದೆ ಕೂರುವವರು ಯಾರು. ಏಳನೆಯವರಾಗಿ ಮಾತಾಡುವುದಿದ್ದರೆ ಪೀಠಿಕೆ ಪೂರ್ತಿ ಕಿತ್ತುಹಾಕಿ. ಅಷ್ಟು ಹೊತ್ತಿಗೆ ಬಸವಣ್ಣ, ಚೆನ್ನಮ್ಮ, ರಾಯಣ್ಣ ಎಲ್ಲರ ಸ್ಮರಣೆಯೂ ಆಗಿಹೋಗಿರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಯ ಕಿವಿ ಒಂದೇ ಅಲ್ಲ. ನಿಪ್ಪಾಣಿಯಲ್ಲಿ ತಂಬಾಕು ಮತ್ತು ಬೀಡಿ ಕಟ್ಟುವ ಹೆಣ್ಣುಮಕ್ಕಳು, ರಬಕವಿ-ಬನಹಟ್ಟಿಯಲ್ಲಿ ನೇಕಾರರು, ವಿಜಯಪುರದ ಕಡೆ ದ್ರಾಕ್ಷಿ, ಇಂಡಿಯಲ್ಲಿ ನಿಂಬೆ, ಮುಧೋಳ-ಜಮಖಂಡಿಯಲ್ಲಿ ಕಬ್ಬು. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಒಂದೇ ವಿಷಯ ಎರಡು ಊರಲ್ಲಿ ಬೇರೆ ಬೇರೆ ಅರ್ಥ ಕೊಡುವಾಗ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ತೆಗೆದುಕೊಳ್ಳಿ. ಸಿಂದಗಿಯಲ್ಲಿ ಅದು ಕಾಲುವೆಗೆ ಬರುವ ನೀರು. ಬೀಳಗಿಯ ಹೊಳಿದಂಡಿಯಲ್ಲಿ ಅದು ಮುಳುಗುವ ಹೊಲ. ಸಿಂದಗಿಯಲ್ಲಿ ನೀರಿನಿಂದ ಶುರು ಮಾಡಿ ಪರಿಹಾರಕ್ಕೆ ಬನ್ನಿ, ಬೀಳಗಿಯಲ್ಲಿ ಪರಿಹಾರ ಮತ್ತು ಪುನರ್ವಸತಿಯ ಮಾತು ಮುಗಿಯುವ ತನಕ ನೀರಿನ ಸುದ್ದಿ ಎತ್ತಬೇಡಿ. ಕ್ರಮ ಬದಲಾಗಬಹುದು, ಭರವಸೆ ಬದಲಾಗಬಾರದು. ಎರಡೂ ಕಡೆಯ ವಿಡಿಯೊ ಅದೇ ಸಂಜೆ ಒಂದೇ ಗುಂಪಿನಲ್ಲಿ ಹರಿದಾಡುತ್ತದೆ.

ಗಡಿ ಊರುಗಳಲ್ಲಿ ಮರಾಠಿ ಮಾತಾಡುವವರು ಹೆಚ್ಚಿದ್ದರೆ ಎರಡು ಮೂರು ವಾಕ್ಯ ಮರಾಠಿಯಲ್ಲಿ ಇರಲಿ, ಕನ್ನಡ ಲಿಪಿಯಲ್ಲೇ ಬರೆಯಿರಿ, ಮನೆಯಲ್ಲಿ ಮರಾಠಿ ಆಡುವವರೊಬ್ಬರಿಗೆ ಓದಿ ತೋರಿಸಿ. ಗಡಿ ವಿವಾದದ ಬಗ್ಗೆ ಬರೆಯುವಾಗ ಎರಡು ಸಂಗತಿ ನೆನಪಿರಲಿ: ಮಹಾಜನ ಆಯೋಗದ ವರದಿ 1967ರದು, ಮಹಾರಾಷ್ಟ್ರ ಹೂಡಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ತೀರ್ಪು ಏನಾಗುತ್ತದೆ ಎಂಬ ಭವಿಷ್ಯ ನಾಯಕರ ಬಾಯಿಂದ ಹೇಳಿಸಬೇಡಿ.

3. ಅಂಕಿ-ಅಂಶ: ಅರ್ಧ ಸಮಯ ಇದಕ್ಕೇ ಇಡಿ

ಬರೆಯಲು ಎರಡು ತಾಸು ಸಿಕ್ಕಿದ್ದರೆ ಒಂದು ತಾಸು ಪರಿಶೀಲನೆಗೆ. ನಮ್ಮ ಭಾಗದ ಭಾಷಣಗಳಲ್ಲಿ ಮತ್ತೆ ಮತ್ತೆ ತಪ್ಪುವ ಜಾಗಗಳು ಇವು.

ನೀರು. ಟಿಎಂಸಿ ಎಂದರೆ ಸಂಗ್ರಹವಾದ ನೀರಿನ ಅಳತೆ, 100 ಕೋಟಿ ಘನ ಅಡಿ. ಕ್ಯೂಸೆಕ್ ಎಂದರೆ ಹರಿವಿನ ಅಳತೆ, ಸೆಕೆಂಡಿಗೆ ಒಂದು ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ‘ಆಲಮಟ್ಟಿಯಿಂದ ಎರಡು ಲಕ್ಷ ಟಿಎಂಸಿ ಬಿಟ್ಟಾರ’ ಎಂದು ನಾಯಕರು ಓದಿದರೆ ಮುಗಿಯಿತು, ಆ ಜಲಾಶಯ ಹಿಡಿಯುವುದೇ ಸುಮಾರು 123 ಟಿಎಂಸಿ. ಮಹದಾಯಿಯಲ್ಲೂ ಹೀಗೆಯೇ. ನ್ಯಾಯಮಂಡಳಿಯ 2018ರ ಆಗಸ್ಟ್ 14ರ ಐತೀರ್ಪಿನಲ್ಲಿ ಕರ್ನಾಟಕಕ್ಕೆ ಹಂಚಿಕೆಯಾದದ್ದು 13.42 ಟಿಎಂಸಿ. ಅದರಲ್ಲಿ 8.02 ವಿದ್ಯುತ್ ಉತ್ಪಾದನೆಗೆ. ಮಲಪ್ರಭೆಗೆ ತಿರುಗಿಸುವ ಕಳಸಾದ್ದು 1.72, ಬಂಡೂರಿಯದು 2.18, ಎರಡೂ ಸೇರಿ 3.90. ‘ಹದಿಮೂರು ಟಿಎಂಸಿ ಕುಡಿಯೋ ನೀರು’ ಎಂದು ಬರೆದುಕೊಟ್ಟರೆ ನಾಯಕರು ವೇದಿಕೆ ಇಳಿಯುವಷ್ಟರಲ್ಲೇ ಹೋರಾಟಗಾರರು ತಪ್ಪು ಹಿಡಿಯುತ್ತಾರೆ.

ಇತಿಹಾಸ. ಕಿತ್ತೂರಿನ ವಿಜಯ 1824ರ ಅಕ್ಟೋಬರ್ 23, ಅಂದರೆ 1857ಕ್ಕಿಂತ 33 ವರ್ಷ ಮೊದಲು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು, 1924ರ ಡಿಸೆಂಬರ್. ಸುವರ್ಣ ವಿಧಾನಸೌಧದ ಉದ್ಘಾಟನೆ 2012ರ ಅಕ್ಟೋಬರ್ 11, ಮಾಡಿದವರು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ. ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ.

ವಚನ. ಬಸವನ ಬಾಗೇವಾಡಿ, ಕೂಡಲಸಂಗಮ ಇರುವ ನೆಲ ಇದು, ಇಲ್ಲಿ ವಚನ ತಪ್ಪಿದರೆ ಕ್ಷಮೆ ಇಲ್ಲ. ವಾಟ್ಸಾಪಿನಲ್ಲಿ ಬಂದ ಸಾಲಿಗೆ ಬಸವಣ್ಣನ ಹೆಸರು ಹಚ್ಚಬೇಡಿ. ಮುದ್ರಿತ ಸಂಪುಟದಲ್ಲಿ ನೋಡಿ, ಅಂಕಿತ ಸರಿಯಿದೆಯೇ ಖಚಿತ ಮಾಡಿಕೊಳ್ಳಿ. ಕೂಡಲಸಂಗಮದೇವ ಬಸವಣ್ಣನದು, ಕೂಡಲಚೆನ್ನಸಂಗಮದೇವ ಚೆನ್ನಬಸವಣ್ಣನದು. ಅವಸರದಲ್ಲಿ ಇವೆರಡು ಕಲಸಿಹೋಗುತ್ತವೆ. ಪೂರ್ತಿ ವಚನ ಬೇಡ, ನಾಯಕರಿಗೆ ಬಾಯಿಪಾಠ ಇರುವ ಎರಡು ಸಾಲು ಸಾಕು.

ಎಐಯಿಂದ ಬರೆಸುವವರಿಗೆ ಒಂದು ಮಾತು: ಅದು ಕೊಡುವ ಕನ್ನಡ ಬಹುಮಟ್ಟಿಗೆ ಗ್ರಂಥಸ್ಥ, ಅಂಕಿಗಳು ಅದರದೇ ಕಲ್ಪನೆಯೂ ಆಗಿರಬಹುದು. ಒಂದೊಂದನ್ನೂ ಮೂಲ ದಾಖಲೆಯಲ್ಲಿ ನೋಡದೆ ಮುಂದೆ ಕಳಿಸಬೇಡಿ.

4. ಬರೆಯುವುದು

ಬಹಿರಂಗ ಸಭೆಯಲ್ಲಿ ಪ್ರತಿಧ್ವನಿ, ಚಪ್ಪಾಳೆ, ಕೇಕೆ ಎಲ್ಲ ಕಳೆದು ನಿಮಿಷಕ್ಕೆ 80 ಪದ ಹಿಡಿಯಿರಿ. 10 ನಿಮಿಷದ ಭಾಷಣದಲ್ಲಿ ವೇದಿಕೆಯ ಹೆಸರುಗಳಿಗೇ ಎರಡು ನಿಮಿಷ ಹೋಗುತ್ತದೆ. ಅಲ್ಲಿಗೆ 600 ಪದಕ್ಕಿಂತ ಹೆಚ್ಚು ಬರೆಯಬೇಡಿ, ನಾಯಕರು ತಾವಾಗಿ ಸೇರಿಸುವ ಮಾತಿಗೂ ಜಾಗ ಬೇಕು. ಒಂದು ಭಾಷಣಕ್ಕೆ ಒಂದೇ ಮುಖ್ಯ ಮಾತು. ಇಲಾಖೆಯಿಂದ ಬರುವ ಟಿಪ್ಪಣಿಯಲ್ಲಿ ಇಪ್ಪತ್ತು ಸಾಧನೆ ಇರುತ್ತವೆ, ಅವುಗಳಲ್ಲಿ ಎರಡು ಆರಿಸಿ.

ಆ ಟಿಪ್ಪಣಿಯನ್ನು ಮಾತಾಗಿಸುವುದು ಹೇಗೆ ಎಂಬುದಕ್ಕೆ ಉದಾಹರಣೆ. ಟಿಪ್ಪಣಿ ಹೀಗಿದೆ ಎನ್ನಿ:

‘2025-26ನೇ ಹಂಗಾಮಿಗೆ ಶೇ 10.25ರ ಮೂಲ ಇಳುವರಿಗೆ ಪ್ರತಿ ಕ್ವಿಂಟಲ್‌ಗೆ ರೂ. 355ರಂತೆ ಎಫ್‌ಆರ್‌ಪಿ ನಿಗದಿಪಡಿಸಲಾಗಿದ್ದು, ಕಬ್ಬು ಪೂರೈಸಿದ 14 ದಿನಗಳೊಳಗಾಗಿ ಸದರಿ ಮೊತ್ತವನ್ನು ಪಾವತಿಸತಕ್ಕದ್ದಾಗಿರುತ್ತದೆ.’

ಇದು ಭಾಷಣದಲ್ಲಿ:

‘ಗಾಡಿ ಕಾರ್ಖಾನಿ ಗೇಟಿಗೆ ಹೋತು. ತೂಕ ಆತು. ಚೀಟಿ ಕೈಗೆ ಬಂತು. ಅಲ್ಲಿಂದ ಹದಿನಾಲ್ಕು ದಿನ. ಹದಿನಾಲ್ಕು ದಿನದಾಗ ರೊಕ್ಕ ನಿಮ್ಮ ಖಾತೇಕ ಬೀಳಬೇಕು. ಇದು ಯಾರ ಉಪಕಾರನೂ ಅಲ್ಲ, ಕಾಯದೆ. ತಡ ಆದ್ರ ವರ್ಷಕ್ಕ ನೂರಕ್ಕ ಹದಿನೈದರಂಗ ಬಡ್ಡಿ ಹಚ್ಚಿ ಕೊಡಬೇಕು. ಯಾರಿಗರೆ ಬಡ್ಡಿ ಬಂದೈತೇನ್ರಿ? ಕೈ ಎತ್ರಿ ನೋಡೂಣು.’

ಕರ್ಮಣಿ ಪ್ರಯೋಗ ಪೂರ್ತಿ ಹೋಯಿತು. ಸಂಖ್ಯೆಗಳು ಅಕ್ಷರದಲ್ಲಿವೆ, ಏಕೆಂದರೆ ಅಂಕಿಯಲ್ಲಿದ್ದರೆ ಓದುವವರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ‘ಕೈ ಎತ್ರಿ’ ಎನ್ನುವಲ್ಲಿ ನಾಯಕರು ಕಾಗದದಿಂದ ತಲೆ ಎತ್ತಲೇಬೇಕು. ಇಂಥ ಜಾಗ ಪ್ರತಿ ಎರಡು ನಿಮಿಷಕ್ಕೊಂದು ಇರಲಿ. ತಲೆ ಎತ್ತಿ ತಮ್ಮದೇ ಮಾತಾಡಿ ಮತ್ತೆ ಕಾಗದಕ್ಕೆ ಬರುವವರಿಗೆ ಎಲ್ಲಿಗೆ ಬರಬೇಕೆಂದು ಸಿಗಬೇಕು, ಅದಕ್ಕೇ ಮುಂದಿನ ಪ್ಯಾರಾದ ಮೊದಲ ಪದ ದಪ್ಪ ಅಕ್ಷರದಲ್ಲಿರಲಿ.

ದರವನ್ನೇ ಏಕೆ ಬಿಟ್ಟದ್ದು? ಎಫ್‌ಆರ್‌ಪಿ ಎಂದರೆ ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ, ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಟನ್ನಿಗೆ 3,550 ಎಂಬುದು ಇಳುವರಿ ಶೇ 10.25 ಇದ್ದಾಗಿನ ಲೆಕ್ಕ. ಇಳುವರಿ ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ರೈತರು ರಿಕವರಿ ಎನ್ನುವುದು ಇದನ್ನೇ. ಅದು ಶೇ 0.1 ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಸೇರುತ್ತದೆ. ಶೇ 9.5 ಅಥವಾ ಅದಕ್ಕೂ ಕಡಿಮೆಯಿದ್ದರೆ ಕ್ವಿಂಟಲ್‌ಗೆ 329.05. ಜೊತೆಗೆ ಇದು ಕಾರ್ಖಾನೆ ಗೇಟಿನ ದರ, ಕಟಾವು-ಸಾಗಣೆ ಕಾರ್ಖಾನೆಯೇ ಮಾಡಿಸಿದ್ದರೆ ಆ ಖರ್ಚು ಮುರಿದುಕೊಂಡೇ ಬಿಲ್ ಬರುತ್ತದೆ. ‘ನಿಮಗ ಮೂರೂವರಿ ಸಾವಿರದ ಮ್ಯಾಲ ಬಂದೈತಿ’ ಎಂದು ನಾಯಕರು ಹೇಳಿದರೆ ಮುಂದಿನ ಸಾಲಿನ ರೈತ ಜೇಬಿನಿಂದ ಬಿಲ್ ತೆಗೆಯುತ್ತಾನೆ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ನಮ್ಮ ಭಾಗದಲ್ಲಿ ಸ್ವತಃ ಸಕ್ಕರೆ ಕಾರ್ಖಾನೆ ಇರುವ, ಇಲ್ಲವೇ ಅದರ ಆಡಳಿತ ಮಂಡಳಿಯಲ್ಲಿರುವ ರಾಜಕಾರಣಿಗಳು ಕಡಿಮೆಯೇನಿಲ್ಲ. ನಿಮ್ಮ ನಾಯಕರೂ ಹಾಗಿದ್ದರೆ ಮೇಲಿನ ಪ್ಯಾರಾ ಅವರ ಕೊರಳಿಗೇ ಸುತ್ತಿಕೊಳ್ಳುತ್ತದೆ. ಬರೆಯುವ ಮೊದಲು ಅವರ ಆಸ್ತಿ ಘೋಷಣೆಯ ಪ್ರಮಾಣಪತ್ರ ಒಮ್ಮೆ ಓದಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ, ಎದುರಾಳಿ ಕಡೆಯವರು ಅದನ್ನು ಆಗಲೇ ಓದಿರುತ್ತಾರೆ.

ಆಡುಮಾತು ಬರೆಯುವಾಗ ಅತಿ ಮಾಡಬೇಡಿ. ಪ್ರತಿ ಕ್ರಿಯಾಪದವನ್ನೂ ‘ಮಾಡ್ಯಾರ, ಹೋಗ್ಯಾರ’ ಎಂದು ಬರೆದರೆ ಓದಲು ಕಣ್ಣಿಗೆ ಕಷ್ಟ. ಹೆಚ್ಚಿನವರು ಶಿಷ್ಟ ರೂಪ ನೋಡಿ ತಾವೇ ಆಡುಮಾತಿಗೆ ತಿರುಗಿಸಿಕೊಳ್ಳುತ್ತಾರೆ. ಕಥೆ, ಪ್ರಶ್ನೆ, ಬೈಗುಳದ ಅಂಚಿಗೆ ಬರುವ ಚೇಷ್ಟೆ ಇಷ್ಟನ್ನು ಮಾತ್ರ ಅವರ ಮಾತಿನಲ್ಲೇ ಬರೆಯಿರಿ.

5. ಹೆಸರಿನ ಚೀಟಿ

ಇದು ಭಾಷಣದ ಹಾಳೆಯಲ್ಲಿ ಬೇಡ, ಬೇರೆ ಕಾರ್ಡಿನಲ್ಲಿರಲಿ, ಕೊನೆ ಗಳಿಗೆಯಲ್ಲಿ ಬದಲಾಗುವುದು ಇದೇ. ಕ್ರಮ: ಸಾನ್ನಿಧ್ಯ ವಹಿಸಿದ ಸ್ವಾಮೀಜಿಗಳು, ಅಧ್ಯಕ್ಷರು, ಉದ್ಘಾಟಕರು, ಇತರ ಜನಪ್ರತಿನಿಧಿಗಳು, ಅಧಿಕಾರಿಗಳು, ಊರ ಹಿರಿಯರು, ಮಾಧ್ಯಮದವರು. ಮಠದ ಹೆಸರು, ಈಗಿನ ಪೀಠಾಧಿಪತಿಗಳ ಹೆಸರು ಎರಡನ್ನೂ ಸ್ಥಳೀಯರಿಂದ ಕೇಳಿ ತಿಳಿದುಕೊಳ್ಳಿ. ಹಳೆಯ ಭಾಷಣದಿಂದ ನಕಲು ಮಾಡಿ, ಲಿಂಗೈಕ್ಯರಾದ ಶ್ರೀಗಳನ್ನು ‘ವೇದಿಕೆಯ ಮೇಲಿರುವ’ ಎಂದು ಸ್ವಾಗತಿಸಿದರೆ ಆ ಸಭೆಯಲ್ಲಿ ಮತ್ತೇನು ಹೇಳಿದರೂ ಜನರ ನೆನಪಿನಲ್ಲಿ ಉಳಿಯುವುದು ಅದೊಂದೇ. ಮಾಜಿ-ಹಾಲಿ ಗೊಂದಲವೂ ಬೇಡ. ವೇದಿಕೆ ಹತ್ತುವ 10 ನಿಮಿಷ ಮುಂಚೆ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ನೋಡಿ ಪೆನ್ನಿನಿಂದಲೇ ತಿದ್ದಿ ಕೊಡಿ.

6. ಹಾಳೆ

ಅಕ್ಷರ 18 ಪಾಯಿಂಟ್, ಸಾಲುಗಳ ನಡುವೆ ದುಪ್ಪಟ್ಟು ಅಂತರ, ಒಂದೇ ಮಗ್ಗುಲಿಗೆ ಮುದ್ರಣ. ವಾಕ್ಯ ಒಂದು ಪುಟದಿಂದ ಇನ್ನೊಂದಕ್ಕೆ ಹರಿಯಬಾರದು. ಪುಟದ ಕೆಳಗಿನ ಕಾಲು ಭಾಗ ಖಾಲಿ ಬಿಡಿ, ಇಲ್ಲವಾದರೆ ಓದುವವರ ತಲೆ ಪೂರ್ತಿ ಬಗ್ಗಿ ಮೈಕಿನಿಂದ ದೂರ ಸರಿಯುತ್ತದೆ. ಪುಟಸಂಖ್ಯೆ ದೊಡ್ಡದಾಗಿರಲಿ. ಪಿನ್ ಹೊಡೆಯಬೇಡಿ, ಕ್ಲಿಪ್ ಹಾಕಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಅಕ್ಷರಗಳು ಗಜಿಬಿಜಿಯಾಗುತ್ತವೆ. ಯೂನಿಕೋಡಿಗೆ ಬದಲಿಸಿದಾಗ ಒತ್ತಕ್ಷರ, ಅರ್ಕಾವತ್ತು ಜಾಗ ಬಿಡುತ್ತವೆ. ಆದ್ದರಿಂದ ಕಳಿಸುವುದು ಪಿಡಿಎಫ್ ಮಾತ್ರ, ಜೊತೆಗೆ ಎರಡು ಮುದ್ರಿತ ಪ್ರತಿ: ಒಂದು ಪಿಎ ಕೈಯಲ್ಲಿ, ಒಂದು ಕಾರಿನಲ್ಲಿ.

7. ಗಟ್ಟಿಯಾಗಿ ಓದಿಸಿ

ಮೊದಲು ನೀವೇ ನಿಂತು ಓದಿ. ಆಮೇಲೆ ಸಾಧ್ಯವಾದರೆ ನಾಯಕರಿಂದ ಒಮ್ಮೆ. ಅವರು ಎಲ್ಲಿ ಪದ ಬದಲಿಸುತ್ತಾರೋ ಅಲ್ಲಿ ಅವರದೇ ಪದ ಉಳಿಸಿ, ವಾದ ಮಾಡಬೇಡಿ.

ಸದನದ ಭಾಷಣ ಬೇರೆಯದೇ ವ್ಯವಹಾರ

ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಬರೆಯುವವರು ಮೊದಲು ಆ ದಿನದ ಕಾರ್ಯಕಲಾಪ ಪಟ್ಟಿ ನೋಡಬೇಕು. ಯಾವ ನಿಯಮದ ಅಡಿ ಚರ್ಚೆ ಎಂಬುದರ ಮೇಲೆ ಬರಹದ ರೂಪ ನಿಂತಿದೆ. ವಿಧಾನಸಭೆಯಲ್ಲಿ ನಿಯಮ 60 ನಿಲುವಳಿ ಸೂಚನೆ, ಅಂದರೆ ಉಳಿದ ಕಲಾಪ ಬದಿಗಿಟ್ಟು ತುರ್ತು ವಿಷಯ ಎತ್ತುವುದು. ಅಲ್ಲಿ ಮೊದಲು ಹೇಳಬೇಕಾದದ್ದು ತುರ್ತು ಏನು ಎಂಬುದನ್ನು. ನಿಯಮ 69 ಸಾರ್ವಜನಿಕ ಮಹತ್ವದ ವಿಷಯದ ಚರ್ಚೆ, ಇಲ್ಲಿ ವಿವರಕ್ಕೆ ಅವಕಾಶವಿದೆ. ಪ್ರಶ್ನೋತ್ತರದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಮಾತ್ರ ಸಚಿವರು ಬಾಯಿಂದ ಉತ್ತರ ಕೊಡುತ್ತಾರೆ, ಚುಕ್ಕೆ ರಹಿತಕ್ಕೆ ಲಿಖಿತ ಉತ್ತರ. ಹಾಗಾಗಿ ಚುಕ್ಕೆ ಪ್ರಶ್ನೆಗೆ ಎರಡು ಮೂರು ಉಪಪ್ರಶ್ನೆ ತಯಾರಿಟ್ಟುಕೊಡಿ, ತಲಾ ಒಂದೇ ವಾಕ್ಯ.

ವಿಧಾನಸಭೆಯಲ್ಲಿ ‘ಮಾನ್ಯ ಸಭಾಧ್ಯಕ್ಷರೇ’, ಪರಿಷತ್ತಿನಲ್ಲಿ ‘ಮಾನ್ಯ ಸಭಾಪತಿಗಳೇ’. ಸದನದಲ್ಲಿ ಓದುವುದನ್ನು ಯಾರೂ ಮೆಚ್ಚುವುದಿಲ್ಲ, ಅಂಶಗಳ ಚೀಟಿ ಕೊಡಿ, ಪ್ರತಿ ಅಂಕಿಯ ಪಕ್ಕ ಅದು ಯಾವ ದಾಖಲೆಯ ಎಷ್ಟನೇ ಪುಟದ್ದು ಎಂದು ಬರೆಯಿರಿ. ಎದುರಿನವರು ‘ದಾಖಲೆ ಕೊಡ್ರಿ’ ಎಂದ ಕೂಡಲೇ ತೋರಿಸುವಂತಿರಬೇಕು. ಸದನದಲ್ಲಿಲ್ಲದವರ ಮೇಲೆ ಹೆಸರೆತ್ತಿ ಆರೋಪ ಮಾಡಿದರೆ ಪೀಠ ಕಡತದಿಂದ ತೆಗೆಸುತ್ತದೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಕರ್ತವ್ಯದ ನಡತೆಯ ಚರ್ಚೆಗೆ ಸಂವಿಧಾನದ 211ನೇ ವಿಧಿಯೇ ಅಡ್ಡಿ.

ಉತ್ತರ ಕರ್ನಾಟಕದ ಚರ್ಚೆಗೆ ಎಲ್ಲರೂ ಎತ್ತುವುದು ಪ್ರಾದೇಶಿಕ ಅಸಮಾನತೆಯ ಬಗೆಗಿನ 2002ರ ನಂಜುಂಡಪ್ಪ ವರದಿ. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು: 39 ಅತ್ಯಂತ, 40 ಅತಿ, 35 ಹಿಂದುಳಿದ. ಮೂಡಲಗಿ, ಕಾಗವಾಡ, ನಿಡಗುಂದಿಯಂಥ ತಾಲೂಕುಗಳು ಹುಟ್ಟಿದ್ದು ಆಮೇಲೆ. ‘ವರದಿಯಲ್ಲಿ ನಮ್ಮ ಮೂಡಲಗಿ ತಾಲೂಕು’ ಎಂದು ಬರೆದರೆ ತಪ್ಪು, ಮೂಲ ತಾಲೂಕು ಯಾವುದಿತ್ತು ನೋಡಿ.

ಚುನಾವಣೆ ಘೋಷಣೆಯಾದ ಮೇಲೆ

ಪ್ರಜಾಪ್ರತಿನಿಧಿ ಕಾಯ್ದೆ, 1951ರ ಮೂರು ಸೆಕ್ಷನ್ ಕಣ್ಣ ಮುಂದಿರಲಿ. 123(3): ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರರ ಜಾತಿ-ಧರ್ಮದ ಹೆಸರೆತ್ತಿದರೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2017ರ ಜನವರಿ 2ರಂದು ಹೇಳಿದೆ. ‘ನಮ್ಮ ಸಮಾಜದವರೆಲ್ಲ ಒಂದಾಗಿ’ ಎಂಬ ಸಾಲು ನಾಯಕರೇ ಕೇಳಿದರೂ ಬರೆಯಬೇಡಿ, ಗೆದ್ದ ಆಯ್ಕೆಯೇ ರದ್ದಾಗಬಹುದು. 123(4): ಎದುರಾಳಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳು ಹೇಳಿಕೆ. 126: ಮತದಾನ ಮುಗಿಯುವ ಸಮಯಕ್ಕೆ ಹಿಂದಿನ 48 ತಾಸು ಬಹಿರಂಗ ಪ್ರಚಾರವಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕವೂ ಇಲ್ಲ. ದಿನದ ಕೊನೆಯ ಸಭೆ ಯಾವತ್ತೂ ತಡವಾಗಿಯೇ ಶುರುವಾಗುವುದರಿಂದ ಅದಕ್ಕೆ ಐದು ನಿಮಿಷದ ಬೇರೆ ಪ್ರತಿ ತಯಾರಿಡಿ. ನಾಯಕರು ಸಚಿವರಾಗಿದ್ದರೆ ನೀತಿಸಂಹಿತೆ ಜಾರಿಯಲ್ಲಿರುವಾಗ ಹೊಸ ಯೋಜನೆ, ಅನುದಾನ ಘೋಷಿಸುವ ಸಾಲು ಬರಬಾರದು.

ಭಾಷಣ ಮುಗಿದ ಮೇಲೆ

ನೀವು ಬರೆದದ್ದಕ್ಕೂ ಅವರು ಆಡಿದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಪತ್ರಿಕೆಗಳಿಗೆ ಹೋಗುವ ಪ್ರತಿ ಆಡಿದ್ದಕ್ಕೆ ಹೊಂದಬೇಕು, ಆದ್ದರಿಂದ ಧ್ವನಿಮುದ್ರಣ ಕೇಳಿ ತಿದ್ದಿದ ನಂತರವೇ ಕಳಿಸಿ. ಅಂಕಿ ತಪ್ಪಿದ್ದರೆ ಅದೇ ದಿನ ಪಿಎಗೆ ತಿಳಿಸಿ, ಸ್ಪಷ್ಟನೆಯ ಎರಡು ಸಾಲು ನೀವೇ ಬರೆದಿಟ್ಟಿರಿ. ಭಾಷಣ ಬರೆದವರು ತಾವೆಂದು ಯಾರ ಮುಂದೂ ಹೇಳಿಕೊಳ್ಳಬೇಡಿ, ನಾಯಕರು ಪಕ್ಷ ಬದಲಿಸಿದ ಮೇಲೂ.

ಒಂದು ನೋಟುಬುಕ್ ಇಡಿ: ತಾರೀಕು, ಊರು, ಕೊಟ್ಟ ಭರವಸೆ, ಹೇಳಿದ ಅಂಕಿ, ಹೇಳಿದ ಕಥೆ. ಕಥೆಯ ಕಾಲಂ ಮರೆಯಬೇಡಿ. ಹೋದ ವರ್ಷದ ಜಾತ್ರೆಯಲ್ಲಿ ಹೇಳಿದ್ದನ್ನೇ ಈ ವರ್ಷವೂ ಹೇಳಿದರೆ ಹಿಂದಿನ ಸಾಲಿನ ಹುಡುಗರು ಮುಂದಿನ ವಾಕ್ಯವನ್ನು ನಾಯಕರಿಗಿಂತ ಮೊದಲೇ ಕೂಗುತ್ತಾರೆ.